ಜ್ಯೂರಿ ಕರೆ: ಹೊಣೆ ಎಲ್ಲರದು, ನಷ್ಟ ಕೆಲವರದು

ಆಸ್ಟ್ರೇಲಿಯಾದಲ್ಲಿರುವ ಮಗನಿಗೋ ಮಗಳಿಗೋ ಕೋರ್ಟಿನಿಂದ ಸಮನ್ಸ್ ಬಂದಿದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಇರುವ ತಂದೆ ತಾಯಿಯ ಎದೆ ಧಸಕ್ಕೆನ್ನುವುದು ಸಹಜ. ಕೋರ್ಟಿನ ಮೆಟ್ಟಿಲು ಹತ್ತುವ ಗತಿ ಹಗೆಗೂ ಬೇಡ ಎನ್ನುವವರು ನಾವು. ಆದರೆ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದ ಕನ್ನಡಿಗರ ಮನೆಗೆ ಈಗ ಹೆಚ್ಚಾಗಿ ಬರುತ್ತಿರುವುದು ಬೇರೆ ಬಗೆಯ ಸಮನ್ಸ್. ಯಾರೋ ಅಪರಿಚಿತರ ಮೇಲಿನ ಆರೋಪ ಸಾಬೀತಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಹನ್ನೆರಡು ಜನರಲ್ಲಿ ಒಬ್ಬರಾಗಿ ಕೂರಲು ಬರುವ ಕರೆ ಅದು.

ಸಿಡ್ನಿಯ ಪ್ಯಾರಮಟ್ಟಾ, ವೆಸ್ಟ್‌ಮೀಡ್, ವೆಂಟ್ವರ್ತ್‌ವಿಲ್, ಮೆಲ್ಬರ್ನ್‌ನ ಟಾರ್ನೀಟ್, ಪಾಯಿಂಟ್ ಕುಕ್ ಮುಂತಾದ ಕಡೆಗಳಲ್ಲಿ ನಮ್ಮವರ ಸಂಖ್ಯೆ ಬೆಳೆದಿದೆ. ಹತ್ತು ಹದಿನೈದು ವರ್ಷಗಳ ಹಿಂದೆ ಕೆಲಸದ ವೀಸಾ ಹಿಡಿದು ಬಂದವರು ಇಂದು ಪೌರರು. ಹಾಗಾಗಿ ಈ ಕಾಗದ ನಮ್ಮ ಮನೆಗಳಿಗೂ ಬರುತ್ತಿದೆ. ಬಂದ ಕೂಡಲೇ ಲೆಕ್ಕಪತ್ರದ ಕೆಲಸ ಮಾಡುವ ನನ್ನಂಥವರಿಗೆ ಬರುವ ಮೊದಲ ಪ್ರಶ್ನೆ ಒಂದೇ: ‘ಸರ್, ಇದನ್ನು ತಪ್ಪಿಸಿಕೊಳ್ಳೋದು ಹೇಗೆ?’ ಅದರ ಹಿಂದೆಯೇ ಎರಡನೆಯದು: ‘ಕೆಲಸ ಬಿಟ್ಟು ಹೋಗಿ ಕೂರಬೇಕು ಅನ್ನೋದು ಯಾವ ನ್ಯಾಯ?’

ಎರಡನೆಯ ಪ್ರಶ್ನೆಯನ್ನು ಸೋಮಾರಿಗಳ ಗೊಣಗಾಟ ಎಂದು ತಳ್ಳಿಹಾಕುವಂತಿಲ್ಲ. ಕರೆಯುವುದರಲ್ಲಿ ಅನ್ಯಾಯ ಕಾಣುವುದಿಲ್ಲ. ಆದರೆ ಕರೆದ ಮೇಲೆ ಆಗುವ ನಷ್ಟವನ್ನು ಹಂಚಿರುವ ರೀತಿಯಲ್ಲಿ ಅನ್ಯಾಯವಿದೆ. ಅದನ್ನು ಸರಿಪಡಿಸಿ ಎಂದು ಕೇಳುವುದು ನಮ್ಮ ಹಕ್ಕು. ಅದನ್ನೇ ನೆಪ ಮಾಡಿಕೊಂಡು ತಪ್ಪಿಸಿಕೊಳ್ಳುವುದು ಮಾತ್ರ ನಮಗೇ ನಷ್ಟದ ವ್ಯವಹಾರ.

ಕರೆ ಬರುವುದು ಹೇಗೆ?

ಆಸ್ಟ್ರೇಲಿಯಾದ ಪೌರರಾಗಿ 18 ವರ್ಷ ತುಂಬಿದವರು ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಲೇಬೇಕು. ಅಲ್ಲಿ ಮತದಾನ ಕಡ್ಡಾಯ. ಆ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ, ಯಾರ ಮರ್ಜಿಯೂ ಇಲ್ಲದೆ, ಜ್ಯೂರಿಗೆ ಹೆಸರುಗಳನ್ನು ಆರಿಸುತ್ತಾರೆ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1977ರ ಜ್ಯೂರಿ ಕಾಯ್ದೆಯಂತೆ ಶೆರಿಫ್ ಕಚೇರಿ ಇದನ್ನು ನೋಡಿಕೊಳ್ಳುತ್ತದೆ. ಮೊದಲು ‘ನಿಮ್ಮ ಹೆಸರು ಜ್ಯೂರಿ ಪಟ್ಟಿಗೆ ಸೇರಿದೆ’ ಎಂಬ ಸೂಚನೆ ಬರುತ್ತದೆ, ಸಮನ್ಸ್ ಬರುವುದು ಆಮೇಲೆ. ಮೆಲ್ಬರ್ನ್ ಇರುವ ವಿಕ್ಟೋರಿಯಾದಲ್ಲಿ 2000ದ ಕಾಯ್ದೆಯಡಿ ‘ಜ್ಯೂರೀಸ್ ವಿಕ್ಟೋರಿಯಾ’ ಎಂಬ ಕಚೇರಿ ಮೊದಲು ಪ್ರಶ್ನಾವಳಿ ಕಳಿಸಿ, ನಂತರ ಸಮನ್ಸ್ ಕೊಡುತ್ತದೆ. ವಿದ್ಯಾರ್ಥಿ ವೀಸಾ, ಕೆಲಸದ ವೀಸಾ, ಪಿಆರ್ ಇರುವವರಿಗೆ ಈ ಕರೆ ಇಲ್ಲ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ ಕಾರ್ಡ್ ಪಡೆದವರಿಗೆ ಇದೆ. ಹೀಗಾಗಿ ಒಂದೇ ಮನೆಯಲ್ಲಿ ಗಂಡನಿಗೆ ಕರೆ ಬಂದು ಹೆಂಡತಿಗೆ ಬಾರದಿರಬಹುದು.

ವಕೀಲರು, ಪೊಲೀಸರು ಮುಂತಾದವರನ್ನು ಕಾನೂನೇ ಹೊರಗಿಟ್ಟಿದೆ. ಇಂಗ್ಲಿಷ್ ಸರಿಯಾಗಿ ತಿಳಿಯದವರು, ಕಾಯಿಲೆಯವರು, ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರು ವಿನಾಯಿತಿ ಕೇಳಬಹುದು. ಊರಿಗೆ ಹೋಗಲು ಟಿಕೆಟ್ ಮೊದಲೇ ಆಗಿದ್ದರೆ ಅದರ ಪ್ರತಿ ಲಗತ್ತಿಸಿ ದಿನಾಂಕ ಮುಂದೂಡುವಂತೆಯೂ ಕೇಳಬಹುದು. ಉತ್ತರವನ್ನೇ ಕೊಡದೆ ಕಾಗದವನ್ನು ಡ್ರಾಯರಿಗೆ ಸೇರಿಸಿದರೆ ಮಾತ್ರ ದಂಡ ಬೀಳುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಅದು 2,200 ಡಾಲರ್‌ವರೆಗೆ ಹೋಗಬಹುದು.

ಕೋರ್ಟಿಗೆ ಹೋದವರೆಲ್ಲ ಜ್ಯೂರಿಯಲ್ಲಿ ಕೂರುವುದಿಲ್ಲ. ಬಂದವರ ಪೈಕಿ ಮತ್ತೆ ಚೀಟಿ ಎತ್ತುತ್ತಾರೆ. ಆರೋಪಿಯ ಕಡೆಯವರು ಕಾರಣ ಹೇಳದೆಯೇ ಮೂವರನ್ನು ಬೇಡ ಎನ್ನಬಹುದು. ಸಿಡ್ನಿಯಲ್ಲಿ ಆಗ ಅವರಿಗೆ ಗೊತ್ತಿರುವುದು ಎದುರಿನವರ ಮುಖ, ಉಡುಪು ಮತ್ತು ಒಂದು ನಂಬರ್; ಮೆಲ್ಬರ್ನ್‌ನಲ್ಲಿ ಉದ್ಯೋಗವನ್ನೂ ಹೇಳುತ್ತಾರೆ. ಮುಖ ನೋಡಿ ಮಣೆ ಹಾಕುವ ಅಥವಾ ಮಣೆ ಎಳೆಯುವ ಈ ಪದ್ಧತಿಯನ್ನು ಇಂಗ್ಲೆಂಡ್ 1988ರ ಕಾಯ್ದೆಯಲ್ಲೇ ಕೈಬಿಟ್ಟಿತು. ಆಸ್ಟ್ರೇಲಿಯಾವೂ ಅದರ ಬಗ್ಗೆ ಯೋಚಿಸಬೇಕು. ಆದರೆ ನಮ್ಮವರ ಜೇಬಿಗೆ ನೇರವಾಗಿ ತಟ್ಟುವ ವಿಷಯ ಬೇರೆ ಇದೆ.

ಲೆಕ್ಕ ತಪ್ಪುವುದು ಎಲ್ಲಿ?

ತಿಂಗಳ ಸಂಬಳದ ಐಟಿ ಉದ್ಯೋಗಿಯನ್ನು ತೆಗೆದುಕೊಳ್ಳಿ. ದೇಶದ ಫೇರ್ ವರ್ಕ್ ಕಾಯ್ದೆಯ ಪ್ರಕಾರ ಅವರ ಕಂಪನಿ ಮೊದಲ ಹತ್ತು ದಿನ, ಜ್ಯೂರಿ ಭತ್ಯೆಗೂ ಮೂಲ ವೇತನಕ್ಕೂ ಇರುವ ಅಂತರವನ್ನು ತುಂಬಿಕೊಡಬೇಕು. ಎಷ್ಟೋ ದೊಡ್ಡ ಕಂಪನಿಗಳು ಆ ನಂತರವೂ ಪೂರ್ತಿ ಸಂಬಳ ಕೊಡುತ್ತವೆ. ಇಂಥವರಿಗೆ ಜ್ಯೂರಿ ಎಂದರೆ ಇಮೇಲ್ ಇಲ್ಲದ ಎರಡು ವಾರ. ಆದರೆ ಅದೇ ಕಾಯ್ದೆಯ ಈ ರಕ್ಷಣೆ ಕ್ಯಾಶುವಲ್ ಕೆಲಸಗಾರರಿಗೆ ಇಲ್ಲ. ರಾತ್ರಿ ಪಾಳಿಯ ಕ್ಲೀನರ್, ವೃದ್ಧಾಶ್ರಮದ ಆರೈಕೆಯವರು, ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುವವರು, ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವರು ಅನೇಕರು ಕ್ಯಾಶುವಲ್‌ಗಳೇ.

2025ರ ಜುಲೈ 1ರಿಂದ ಆಸ್ಟ್ರೇಲಿಯಾದ ಕನಿಷ್ಠ ವೇತನ ಗಂಟೆಗೆ 24.95 ಡಾಲರ್. ಕ್ಯಾಶುವಲ್‌ಗೆ ಶೇ 25 ಹೆಚ್ಚುವರಿ ಸೇರಿ ಸುಮಾರು 31.19. ದಿನಕ್ಕೆ 7.6 ಗಂಟೆಯಂತೆ 237 ಡಾಲರ್ ಆಗುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಮೊದಲ ಹತ್ತು ದಿನ ಜ್ಯೂರಿಗೆ ಕೊಡುತ್ತ ಬಂದಿರುವ ಭತ್ಯೆ ದಿನಕ್ಕೆ ಸುಮಾರು 106 ಡಾಲರ್. ಅಂದರೆ ಅತಿ ಕಡಿಮೆ ಕೂಲಿಯ ಕ್ಯಾಶುವಲ್ ಕೆಲಸಗಾರನಿಗೂ ದಿನಕ್ಕೆ 131 ಡಾಲರ್ ಖೋತಾ. ಹತ್ತು ದಿನಕ್ಕೆ 1,300 ಡಾಲರ್‌ಗೂ ಹೆಚ್ಚು. ಸಿಡ್ನಿಯಲ್ಲಿ ಬಾಡಿಗೆ ಮನೆ ಹಿಡಿದು, ಮಿಕ್ಕಿದ್ದರಲ್ಲಿ ಊರಿಗೂ ಕಳಿಸುವವರಿಗೆ ಇದು ಸಣ್ಣ ಮೊತ್ತವಲ್ಲ.

ಮೆಲ್ಬರ್ನ್‌ನಲ್ಲಿ ಚಿತ್ರ ಬೇರೆ. ವಿಕ್ಟೋರಿಯಾದ ಭತ್ಯೆ ನೋಡಿದರೆ ನಗು ಬರುತ್ತದೆ: ಬಹಳ ವರ್ಷಗಳಿಂದ ನಡೆದುಬಂದ ದರ ಮೊದಲ ಆರು ದಿನ ತಲಾ 40 ಡಾಲರ್, ಏಳನೆಯ ದಿನದಿಂದ 80. ಆದರೆ ಅಲ್ಲಿನ ಕಾಯ್ದೆ ಒಂದು ಒಳ್ಳೆಯ ಕೆಲಸ ಮಾಡಿದೆ. ಪೂರ್ಣಾವಧಿ, ಅರೆಕಾಲಿಕ, ಕ್ಯಾಶುವಲ್ ಎನ್ನದೆ ಎಲ್ಲ ನೌಕರರಿಗೂ ಮಿಕ್ಕ ಸಂಬಳವನ್ನು ಮಾಲೀಕರೇ ತುಂಬಬೇಕು, ಅದೂ ಹತ್ತು ದಿನದ ಮಿತಿಯಿಲ್ಲದೆ. ಅದೇ 237 ಡಾಲರ್‌ನ ಕೆಲಸಗಾರನಿಗೆ ಕೋರ್ಟಿನಿಂದ 40, ಮಾಲೀಕರಿಂದ 197 ಬರುತ್ತದೆ. ನೌಕರನಿಗೆ ನಷ್ಟವಿಲ್ಲ. ಹಾಗೆಂದು ನಷ್ಟ ಮಾಯವಾಗುವುದೂ ಇಲ್ಲ. ಅದು ಇಬ್ಬರು ಕೆಲಸದವರನ್ನಿಟ್ಟುಕೊಂಡು ದಿನಸಿ ಅಂಗಡಿ ನಡೆಸುವವರ ಹೆಗಲಿಗೆ ದಾಟುತ್ತದೆ. ಬಾರದ ಕೆಲಸದವನಿಗೂ ಕೊಡಬೇಕು, ಬದಲಿಗೆ ಬಂದವನಿಗೂ ಕೊಡಬೇಕು.

ಎಬಿಎನ್ ನಂಬರ್ ಮೇಲೆ ಸ್ವಂತವಾಗಿ ದುಡಿಯುವವರಿಗೆ ತುಂಬಿಕೊಡುವ ಮಾಲೀಕರೂ ಇಲ್ಲ. ಊಬರ್ ಓಡಿಸುವವರು, ಡೆಲಿವರಿಯವರು, ಬಣ್ಣ ಬಳಿಯುವವರು, ಎಷ್ಟೋ ಐಟಿ ಕಾಂಟ್ರಾಕ್ಟರ್‌ಗಳು ಈ ಸಾಲಿನವರು. ಮೆಲ್ಬರ್ನ್‌ನಲ್ಲಿ ಮೂರು ವಾರ, ಅಂದರೆ ಹದಿನೈದು ದಿನದ ವಿಚಾರಣೆಯಲ್ಲಿ ಇಂಥವರು ಕೂತರೆ ಸಿಗುವುದು ಆರು ದಿನಕ್ಕೆ 240, ಒಂಬತ್ತು ದಿನಕ್ಕೆ 720, ಒಟ್ಟು 960 ಡಾಲರ್. ಅದೇ ಮೂರು ವಾರಕ್ಕೆ ದೇಶದ ಕನಿಷ್ಠ ವೇತನವೇ 2,844 ಡಾಲರ್. ಸರ್ಕಾರವೇ ಕರೆದು ಕೂರಿಸಿ, ಸರ್ಕಾರವೇ ನಿಗದಿ ಮಾಡಿದ ಕನಿಷ್ಠ ಕೂಲಿಯ ಮೂರನೇ ಒಂದರಷ್ಟು ಕೊಟ್ಟಂತಾಯಿತು. ಈ ಭತ್ಯೆಯೂ ತೆರಿಗೆಗೆ ಒಳಪಡುವ ಆದಾಯವೇ. ಕಂಪನಿ ಪೂರ್ತಿ ಸಂಬಳ ಕೊಟ್ಟು ಭತ್ಯೆಯನ್ನು ವಾಪಸ್ ಪಡೆದಿದ್ದರೆ, ಹಾಗೆ ಕೊಟ್ಟ ಹಣವನ್ನು ರಿಟರ್ನ್‌ನಲ್ಲಿ ಕಳೆಯಬಹುದು ಎಂಬುದನ್ನು ನಮ್ಮವರು ಮರೆಯಬಾರದು.

ಎಲ್ಲ ವಿಚಾರಣೆಗಳೂ ಒಂದೆರಡು ವಾರಕ್ಕೆ ಮುಗಿಯುವುದಿಲ್ಲ. 2025ರಲ್ಲಿ ಕರ್ನಾಟಕದ ಪತ್ರಿಕೆಗಳಲ್ಲೂ ಸುದ್ದಿಯಾದ ವಿಷದ ಅಣಬೆ ಪ್ರಕರಣ ನೆನಪಿರಬಹುದು. ಎರಿನ್ ಪ್ಯಾಟರ್ಸನ್ ಎಂಬ ಮಹಿಳೆಯ ಮೇಲೆ ಊಟಕ್ಕೆ ಕರೆದ ಮೂವರು ಬಂಧುಗಳನ್ನು ಕೊಂದ, ಇನ್ನೊಬ್ಬರನ್ನು ಕೊಲ್ಲಲು ಯತ್ನಿಸಿದ ಆರೋಪವಿತ್ತು. ವಿಕ್ಟೋರಿಯಾದ ಮಾರ್ವೆಲ್ ಪಟ್ಟಣದಲ್ಲಿ ಏಪ್ರಿಲ್ ಕೊನೆಯಲ್ಲಿ ಕೂತ ಜ್ಯೂರಿ ‘ತಪ್ಪಿತಸ್ಥೆ’ ಎಂದು ಹೇಳಿದ್ದು ಜುಲೈ 7ರಂದು. ಕೊನೆಯ ವಾರ ತೀರ್ಮಾನಕ್ಕೆ ಬರುವ ತನಕ ಅವರನ್ನು ಮನೆಗೂ ಬಿಡದೆ ಹೋಟೆಲಿನಲ್ಲೇ ಇರಿಸಿದ್ದರು. ದಿನಗೂಲಿಯ ಮೇಲೆ ಬದುಕುವ ಯಾರು ತಾನೆ ಇಂಥ ಪ್ರಕರಣಕ್ಕೆ ‘ನಾನು ಸಿದ್ಧ’ ಎಂದಾರು? ದೀರ್ಘ ವಿಚಾರಣೆ ಎಂದು ನ್ಯಾಯಾಧೀಶರು ಹೇಳಿದ ಕೂಡಲೇ ಕೈಯೆತ್ತಿ ವಿನಾಯಿತಿ ಕೇಳುವವರು ಯಾರೆಂಬುದು ಸಂಬಳದ ಚೀಟಿ ನೋಡಿದರೆ ತಿಳಿಯುತ್ತದೆ. ಉಳಿಯುವವರು ಸರ್ಕಾರಿ ನೌಕರರು, ದೊಡ್ಡ ಕಂಪನಿಯವರು, ನಿವೃತ್ತರು.

ಯಾರಿಲ್ಲದ ಜ್ಯೂರಿ?

ಇಲ್ಲಿಗೆ ಪ್ರಶ್ನೆ ಜೇಬಿನಿಂದ ಕಟಕಟೆಗೆ ಬರುತ್ತದೆ. ಆರೋಪಿ ಒಬ್ಬ ಟ್ಯಾಕ್ಸಿ ಚಾಲಕನಾಗಿದ್ದು, ರಾತ್ರಿ ಎರಡು ಗಂಟೆಗೆ ಕುಡಿದ ಪ್ರಯಾಣಿಕನೊಡನೆ ನಡೆದ ಜಗಳ ವಿಚಾರಣೆಗೆ ಬಂದಿದೆ ಎಂದುಕೊಳ್ಳಿ. ಆ ಹೊತ್ತಿನಲ್ಲಿ ಗಾಡಿ ಓಡಿಸುವುದೆಂದರೇನು ಎಂದು ಬಲ್ಲವರು ಹನ್ನೆರಡರಲ್ಲಿ ಒಬ್ಬರಾದರೂ ಇದ್ದರೆ ಒಳ್ಳೆಯದಲ್ಲವೇ? ನಮ್ಮವರು ತಲೆ ತಗ್ಗಿಸಿ ಮಾತಾಡಿದರೆ ಅದು ತಪ್ಪೊಪ್ಪಿಗೆಯಲ್ಲ, ಹಿರಿಯರ ಮುಂದೆ ಬೆಳೆದುಬಂದ ರೀತಿ ಎಂದು ಜ್ಯೂರಿ ಕೋಣೆಯಲ್ಲಿ ವಿವರಿಸಬಲ್ಲವರು ನಮ್ಮವರೇ. ಆ ಕುರ್ಚಿಯನ್ನು ನಾವೇ ಖಾಲಿ ಬಿಟ್ಟು ಬಂದು, ‘ಇಲ್ಲಿನ ಕೋರ್ಟುಗಳಿಗೆ ನಮ್ಮವರ ಕಷ್ಟ ಅರ್ಥವಾಗುವುದಿಲ್ಲ’ ಎಂದು ದೂರಿದರೆ ಕೇಳುವವರಾರು?

ಜ್ಯೂರಿಯಲ್ಲಿ ಯಾರು ಕೂರುತ್ತಾರೆ ಎಂಬುದರ ಬೆಲೆಯನ್ನು ಸಿಡ್ನಿಯ ಇತಿಹಾಸವೇ ಹೇಳುತ್ತದೆ. 1838ರ ಜೂನ್‌ನಲ್ಲಿ ಮಯಾಲ್ ಕ್ರೀಕ್ ಎಂಬಲ್ಲಿ ಕನಿಷ್ಠ 28 ಮೂಲನಿವಾಸಿಗಳನ್ನು, ಹೆಂಗಸರು ಮಕ್ಕಳನ್ನೂ ಬಿಡದೆ, ಕೊಂದು ಸುಟ್ಟರು. ಹನ್ನೊಂದು ಮಂದಿಯ ವಿಚಾರಣೆ ಸಿಡ್ನಿಯಲ್ಲಿ ನಡೆಯಿತು. ವಲಸೆ ಬಂದ ಬಿಳಿಯ ಗಂಡಸರಷ್ಟೇ ಇದ್ದ ಜ್ಯೂರಿ ಅರ್ಧ ಗಂಟೆಯನ್ನೂ ತೆಗೆದುಕೊಳ್ಳದೆ ಎಲ್ಲರನ್ನೂ ಬಿಟ್ಟಿತು. ಕ್ರೈಸ್ತ ಪ್ರಮಾಣ ಮಾಡಲಾರದ ಮೂಲನಿವಾಸಿಯ ಸಾಕ್ಷ್ಯಕ್ಕೆ ಆಗಿನ ಕಾನೂನಿನಲ್ಲಿ ಜಾಗವೂ ಇರಲಿಲ್ಲ. ಏಳು ಜನರ ಮೇಲೆ ಮತ್ತೆ ಆರೋಪ ಹೊರಿಸಿ ಇನ್ನೊಂದು ಜ್ಯೂರಿಯ ಮುಂದೆ ನಿಲ್ಲಿಸಿದಾಗ ಶಿಕ್ಷೆಯಾಯಿತು. ಅದೇ ಊರು, ಅದೇ ಘಟನೆ. ಕೂತ ಹನ್ನೆರಡು ಜನ ಬೇರೆ, ತೀರ್ಪೂ ಬೇರೆ.

ಹೆಂಗಸರಿಗೂ ಈ ಬಾಗಿಲು ತಡವಾಗಿಯೇ ತೆರೆಯಿತು. ನ್ಯೂ ಸೌತ್ ವೇಲ್ಸ್‌ನಲ್ಲಿ 1947ರಲ್ಲಿ, ಅದೂ ತಾವಾಗಿ ಹೆಸರು ಕೊಟ್ಟವರಿಗೆ ಮಾತ್ರ. ವಿಕ್ಟೋರಿಯಾದಲ್ಲಿ ಕಾನೂನು ಬಂದದ್ದು 1964ರಲ್ಲಿ. ಮೂಲನಿವಾಸಿಗಳು ಇಂದಿಗೂ ಜೈಲಿನಲ್ಲಿ ತಮ್ಮ ಜನಸಂಖ್ಯೆಗೆ ಮೀರಿ ಇದ್ದಾರೆ, ಜ್ಯೂರಿಯಲ್ಲಿ ಅಪರೂಪ. ಬೇರೆಯವರು ಹೋರಾಡಿ ತೆರೆಸಿದ ಬಾಗಿಲು ನಮಗೆ ಪೌರತ್ವದ ಜೊತೆಗೇ ತೆರೆದು ಸಿಕ್ಕಿದೆ.

ನಮ್ಮ ಹಳ್ಳಿಗಳಲ್ಲಿ ಊರಿನ ಹತ್ತು ಸಮಸ್ತರು ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುತ್ತಿದ್ದ ಪದ್ಧತಿ ಇತ್ತಲ್ಲ, ಇದೂ ಅದೇ ತಾನೆ ಎನ್ನುವವರಿದ್ದಾರೆ. ಒಂದು ದೊಡ್ಡ ವ್ಯತ್ಯಾಸವಿದೆ. ಕಟ್ಟೆಯ ಮೇಲೆ ಯಾರು ಕೂರಬೇಕೆಂದು ಜಾತಿ, ಜಮೀನು, ಗಂಡಸುತನ ಮೊದಲೇ ನಿರ್ಧರಿಸಿರುತ್ತಿದ್ದವು. ಇಲ್ಲಿ ನಿರ್ಧರಿಸುವುದು ಚೀಟಿ. ನಲ್ಲಿ ರಿಪೇರಿಯವರೂ ಪ್ರೊಫೆಸರರೂ ಒಂದೇ ಸಾಲಿನಲ್ಲಿ ಕೂರುತ್ತಾರೆ, ಇಬ್ಬರ ಮಾತಿಗೂ ಒಂದೇ ತೂಕ. ಆದರೆ ನಷ್ಟ ತಾಳಲಾರದೆ ನಲ್ಲಿ ರಿಪೇರಿಯವರು ಎದ್ದು ಹೋದರೆ ಚೀಟಿಯ ನ್ಯಾಯವೂ ಕಟ್ಟೆಯ ನ್ಯಾಯವಾಗುತ್ತದೆ. ಭತ್ಯೆಯ ಪ್ರಶ್ನೆ ಬರೀ ದುಡ್ಡಿನ ಪ್ರಶ್ನೆ ಅಲ್ಲ ಎನ್ನುವುದು ಇದಕ್ಕಾಗಿ.

ಜ್ಯೂರಿಯೇ ಬೇಡವೇ?

ಭಾರತ ಜ್ಯೂರಿಯನ್ನು ಕೈಬಿಟ್ಟಿತು, ಇವರೇಕೆ ಹಿಡಿದುಕೊಂಡಿದ್ದಾರೆ ಎಂಬ ಪ್ರಶ್ನೆ ಊರಿನ ಹಿರಿಯರಿಂದ ಬರುತ್ತದೆ. 1959ರ ನಾನಾವತಿ ಪ್ರಕರಣ ಅವರಿಗೆ ನೆನಪಿರುತ್ತದೆ. ಕಿರಿಯರು ‘ರುಸ್ತುಂ’ ಸಿನಿಮಾದಿಂದ ಬಲ್ಲರು. ಬೊಂಬಾಯಿಯ ಜ್ಯೂರಿ 8-1ರಂತೆ ನಿರ್ದೋಷಿ ಎಂದಿತು, ಹೈಕೋರ್ಟ್ ಅದನ್ನು ಒಪ್ಪದೆ ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಆ ಒಂದು ಪ್ರಕರಣದಿಂದಲೇ ಜ್ಯೂರಿ ಹೋಯಿತು ಎಂಬ ಮಾತು ಪೂರ್ತಿ ಸರಿಯಲ್ಲ. ಕಾನೂನು ಆಯೋಗ 1958ರಲ್ಲೇ ಬೇಡ ಎಂದಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಅದಕ್ಕೆ ಕೊನೆ ಹಾಡಿತು.

ಆಸ್ಟ್ರೇಲಿಯಾದ ಜ್ಯೂರಿಗಳೂ ಎಡವಿವೆ. 2008ರಲ್ಲಿ ಸಿಡ್ನಿಯ ಮಾದಕವಸ್ತು ಪ್ರಕರಣವೊಂದರಲ್ಲಿ ಕೆಲವು ಜ್ಯೂರಿ ಸದಸ್ಯರು ವಾರಗಟ್ಟಲೆ ಸುಡೋಕು ಆಡುತ್ತಿದ್ದುದು ಬಯಲಾಗಿ ಇಡೀ ವಿಚಾರಣೆ ರದ್ದಾಯಿತು. ಕ್ಯಾಥ್ಲೀನ್ ಫೋಲ್ಬಿಗ್ ತನ್ನ ನಾಲ್ಕು ಮಕ್ಕಳ ಸಾವಿಗೆ ಕಾರಣಳೆಂದು 2003ರಲ್ಲಿ ಸಿಡ್ನಿಯ ಜ್ಯೂರಿ ಹೇಳಿತು. ಮಕ್ಕಳ ಸಾವಿಗೆ ಆನುವಂಶಿಕ ಕಾರಣವಿದ್ದಿರಬಹುದು ಎಂಬ ಹೊಸ ವೈಜ್ಞಾನಿಕ ಸಾಕ್ಷ್ಯದ ಮೇಲೆ, ಇಪ್ಪತ್ತು ವರ್ಷ ಸೆರೆಯಲ್ಲಿ ಕಳೆದ ನಂತರ, 2023ರಲ್ಲಿ ಆಕೆಯ ಬಿಡುಗಡೆಯಾಗಿ ಶಿಕ್ಷೆಯೂ ರದ್ದಾಯಿತು. ಇದನ್ನು ತೋರಿಸಿ ಸಾಮಾನ್ಯ ಜನಕ್ಕೆ ನ್ಯಾಯ ಹೇಳಲು ಬಾರದು ಎನ್ನುವುದು ಸುಲಭ. ಆದರೆ ಆಕೆಯ ಮೇಲ್ಮನವಿಗಳನ್ನು ತಳ್ಳಿಹಾಕಿದವರು ನ್ಯಾಯಾಧೀಶರು. 2019ರ ಮರುವಿಚಾರಣಾ ಆಯೋಗದಲ್ಲೂ ಆಕೆಯೇ ತಪ್ಪಿತಸ್ಥಳೆಂದವರು ನಿವೃತ್ತ ನ್ಯಾಯಾಧೀಶರೇ. ತಪ್ಪು ಸಾಕ್ಷ್ಯದ ಮುಂದೆ ಕಲಿತವರೂ ಕಲಿಯದವರೂ ಒಟ್ಟಿಗೆ ಎಡವುತ್ತಾರೆ. ಅಷ್ಟಕ್ಕೂ ಗಂಭೀರ ಪ್ರಕರಣಗಳಲ್ಲಿ ಜ್ಯೂರಿ ಅಲ್ಲಿನ ವ್ಯವಸ್ಥೆಯ ತಳಪಾಯ. ಕೇಂದ್ರ ಕಾನೂನಿನ ಗಂಭೀರ ಅಪರಾಧಗಳ ಮಟ್ಟಿಗೆ ಸಂವಿಧಾನದ 80ನೇ ವಿಧಿಯೇ ಅದನ್ನು ಕಡ್ಡಾಯ ಮಾಡಿದೆ. ಇರುವ ವ್ಯವಸ್ಥೆಯನ್ನು ನೆಟ್ಟಗೆ ನಡೆಸುವುದು ಹೇಗೆಂಬುದೇ ಈಗಿನ ಪ್ರಶ್ನೆ.

ಆಗಬೇಕಾದ್ದೇನು?

ಒಂದು, ಜ್ಯೂರಿ ಭತ್ಯೆ ಯಾವ ರಾಜ್ಯದಲ್ಲೂ ಕನಿಷ್ಠ ವೇತನಕ್ಕಿಂತ ಕಡಿಮೆ ಇರಬಾರದು. ಪ್ರತಿ ಜುಲೈನಲ್ಲಿ ಕನಿಷ್ಠ ವೇತನ ಏರಿದಂತೆ ಇದೂ ಏರಬೇಕು. ಎರಡು, ಕ್ಯಾಶುವಲ್‌ಗಳಿಗೆ ವಿಕ್ಟೋರಿಯಾದಲ್ಲಿರುವ ರಕ್ಷಣೆ ನ್ಯೂ ಸೌತ್ ವೇಲ್ಸ್‌ಗೂ ಬರಬೇಕು. ಮೂರು, ಸಣ್ಣ ಅಂಗಡಿಯವರ ಮತ್ತು ಸ್ವಂತ ದುಡಿಮೆಯವರ ನಷ್ಟವನ್ನು ಸರ್ಕಾರ ಹೊರಬೇಕು. ಇದು ಆಗದ ಮಾತೇನಲ್ಲ. ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮಾಲೀಕರು ಸಂಬಳ ಕೊಟ್ಟು ಅದನ್ನು ಸರ್ಕಾರದಿಂದ ಮರಳಿ ಪಡೆಯುವ ವ್ಯವಸ್ಥೆ ಇದೆ. ನ್ಯಾಯದಾನ ಇಡೀ ಸಮಾಜದ ಕೆಲಸವಾದರೆ ಅದರ ಖರ್ಚೂ ಇಡೀ ಸಮಾಜದ ಖಾತೆಗೇ ಬೀಳಬೇಕು.

ಇದನ್ನು ಕೇಳಬೇಕಾದವರು ನಾವೇ. ಪ್ಯಾರಮಟ್ಟಾದಲ್ಲೋ ವೆರಿಬಿಯಲ್ಲೋ ಚುನಾವಣೆ ಬಂದಾಗ ನಮ್ಮ ಹಬ್ಬಗಳಿಗೆ ಬಂದು ದೀಪ ಹಚ್ಚಿ ನಮಸ್ಕಾರ ಹೇಳುವ ಅಭ್ಯರ್ಥಿಗಳ ಮುಂದೆ ಇದನ್ನು ಇಡಬಹುದು. ಯುಗಾದಿ, ರಾಜ್ಯೋತ್ಸವಗಳನ್ನು ಅಚ್ಚುಕಟ್ಟಾಗಿ ನಡೆಸುವ ನಮ್ಮ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಒಂದು ಗಂಟೆ ತೆಗೆದಿಟ್ಟು ಹೊಸ ಪೌರರಿಗೆ ಇದರ ವಿವರ ಹೇಳಿಸಬಹುದು. ಜ್ಯೂರಿಗೆ ಹೋದ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಎರಡೂ ರಾಜ್ಯಗಳಲ್ಲಿ ಅಪರಾಧ ಎಂಬ ಒಂದು ಮಾತು ಗೊತ್ತಾದರೂ ಎಷ್ಟೋ ಜನರ ಅರ್ಧ ಭಯ ಇಳಿಯುತ್ತದೆ.

ಕೊನೆಯದಾಗಿ ಊರಿನಲ್ಲಿರುವ ಮನೆಯವರಿಗೆ ಎರಡು ಮಾತು. ಮಗ ಜ್ಯೂರಿಯಲ್ಲಿ ಕೂತಿದ್ದಾನೆ ಎಂದರೆ ‘ಏನು ಕೇಸಪ್ಪಾ, ಯಾರದು ತಪ್ಪು?’ ಎಂದು ಕೇಳುವ ಕುತೂಹಲ ಸಹಜ. ದಯವಿಟ್ಟು ಕೇಳಬೇಡಿ. ಜ್ಯೂರಿ ಕೋಣೆಯ ಮಾತು ಹೊರಗೆ ಬರುವಂತಿಲ್ಲ. ಪ್ರಕರಣದ ಬಗ್ಗೆ ತಾವಾಗಿ ಗೂಗಲ್‌ನಲ್ಲಿ ಹುಡುಕಿದರೂ ನ್ಯೂ ಸೌತ್ ವೇಲ್ಸ್‌ನಲ್ಲಿ ಎರಡು ವರ್ಷದವರೆಗೆ ಜೈಲು ಆಗಬಹುದು. 2022ರಲ್ಲಿ ಕ್ಯಾನ್‌ಬೆರಾದಲ್ಲಿ ಒಬ್ಬ ಜ್ಯೂರಿ ಸದಸ್ಯರು ಹೊರಗಿನ ಸಂಶೋಧನಾ ಲೇಖನವೊಂದನ್ನು ಕೋಣೆಗೆ ತಂದದ್ದಕ್ಕೇ ದೇಶವೆಲ್ಲ ನೋಡುತ್ತಿದ್ದ ಪ್ರಕರಣ ಅರ್ಧಕ್ಕೆ ನಿಂತಿತು. ಹಾಗಾಗಿ ಆ ವಾರಗಳಲ್ಲಿ ಮಗ ವಾಟ್ಸ್‌ಆ್ಯಪ್ ಕರೆಯಲ್ಲಿ ಮಾತು ಕಡಿಮೆ ಮಾಡಿದರೆ ತಪ್ಪು ತಿಳಿಯಬೇಡಿ. ಮೊಮ್ಮಗುವಿನ ನಾಮಕರಣಕ್ಕೋ ತಂಗಿಯ ಮದುವೆಗೋ ಬರುವ ದಿನಾಂಕವನ್ನು ಆದಷ್ಟು ಬೇಗ ಗೊತ್ತು ಮಾಡಿ ತಿಳಿಸಿ. ಟಿಕೆಟ್ ಕೈಯಲ್ಲಿದ್ದರೆ ಜ್ಯೂರಿ ಮುಂದೂಡಿಸುವುದು ಸುಲಭ.

ಹೋಗಿ ಬಂದವರಿಗೆ ಸಿಗುವುದು ಸಣ್ಣ ಭತ್ಯೆ, ಹೇಳಿಕೊಳ್ಳಲಾಗದ ಅನುಭವ. ಆದರೂ ಸಮನ್ಸ್ ಬಂದರೆ ಹೋಗಿ. ನಷ್ಟವಾದರೆ ಸಂಬಳದ ಚೀಟಿ, ಭತ್ಯೆಯ ರಸೀದಿ ಎರಡನ್ನೂ ಎತ್ತಿಡಿ; ನಿಮ್ಮ ಕ್ಷೇತ್ರದ ಶಾಸಕರಿಗೆ ಲೆಕ್ಕ ಸಮೇತ ಒಂದು ಪತ್ರ ಬರೆಯಿರಿ. ಕರೆ ಬಂದಾಗ ಹಾಜರಾದವರು ಕೇಳುವ ಲೆಕ್ಕಕ್ಕೆ ಬೆಲೆ ಇರುತ್ತದೆ.